ಕೀ ತಿರುಗಿಸದ ಕಾರು ಮನೆಗೆ ಬಂದಾಗ

ಬೇಲೂರಿನ ಪೆಟ್ರೋಲ್ ಬಂಕ್‌ನಲ್ಲಿ ಅಕ್ಕ ಕಾರು ಆಫ್ ಮಾಡಿ ಪೆಟ್ರೋಲ್ ಹಾಕಿಸಿದಳು. ದುಡ್ಡು ಕೊಟ್ಟು ಮತ್ತೆ ಬಟನ್ ಒತ್ತಿದರೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಹಿಂದೆ ನಾಲ್ಕು ಗಾಡಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಅದು ಕೀ ತಿರುಗಿಸದೆ ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು, ಆದರೆ ಕೀ ಹತ್ತಿರದಲ್ಲೇ ಇರಬೇಕು. ಕೀ ಇದ್ದದ್ದು ಭಾವನ ಪ್ಯಾಂಟಿನ ಜೇಬಿನಲ್ಲಿ. ಭಾವ ಹಾಸನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬೆಂಗಳೂರು ಬಸ್ ಹತ್ತಿದ್ದರು. ಆಗಲೇ ಚನ್ನರಾಯಪಟ್ಟಣ ದಾಟಿಯಾಗಿತ್ತು. ಅವರು ಇಳಿದಾಗ ಮೀಟರಿನಲ್ಲಿ ಟಿಣ್ ಟಿಣ್ ಅಂತ ಸದ್ದು ಬಂದಿತ್ತಂತೆ. ಸೀಟ್ ಬೆಲ್ಟ್ ಅಲಾರಂ ಇರಬೇಕು ಅಂತ ಅಕ್ಕ ಸುಮ್ಮನಾಗಿದ್ದಳು. ಕಾರು ಕೀ ಇಲ್ಲದೆಯೇ 40 ಕಿಲೋಮೀಟರ್ ಓಡಿ ಬೇಲೂರು ಮುಟ್ಟಿತ್ತು.

ಸ್ಪೇರ್ ಕೀ ನಮ್ಮ ಮನೆಯ ಬೀರುವಿನಲ್ಲಿತ್ತು. ಬೈಕಿನಲ್ಲಿ ಒಯ್ದು ಕೊಟ್ಟೆ. ಆವತ್ತಿನಿಂದ ನೆಂಟರಿಷ್ಟರ ಪೈಕಿ ಯಾರ ಮನೆಗೆ ಇಂಥ ಹೊಸ ಕಾರು ಬಂದರೂ ಒಂದು ಗಂಟೆ ಕೂತು ಎಲ್ಲ ಹೇಳಿಕೊಟ್ಟೇ ಎದ್ದು ಬರುತ್ತೇನೆ. ಹೇಳುವುದು ಇಷ್ಟು.

ಕಾರು ಕೀಯನ್ನು ಹುಡುಕುವುದು ಹೇಗೆ?

ನೀವು ಬಾಗಿಲ ಹ್ಯಾಂಡಲಿನ ಬಟನ್ ಒತ್ತಿದಾಗ, ಇಲ್ಲವೇ ಒಳಗೆ ಸ್ಟಾರ್ಟ್ ಬಟನ್ ಒತ್ತಿದಾಗ, ಕಾರು ರೇಡಿಯೋ ಅಲೆಯಲ್ಲಿ ಒಂದು ಕೂಗು ಹಾಕುತ್ತದೆ. ಇದು ಸುಮಾರು 125 ಕಿಲೋಹರ್ಟ್ಜ್ ಅಲೆ. ಒಂದು ಮೀಟರ್ ಆಚೀಚೆ ಮಾತ್ರ ಕೇಳಿಸುತ್ತದೆ. ಜೇಬಿನಲ್ಲಿರುವ ಕೀ ಅದನ್ನು ಕೇಳಿಸಿಕೊಂಡು, ಬೇರೊಂದು ಅಲೆಯಲ್ಲಿ ತನ್ನ ಗುಟ್ಟಿನ ಉತ್ತರ ಕಳಿಸುತ್ತದೆ. ಉತ್ತರ ಸರಿಹೊಂದಿದರೆ ಎಂಜಿನ್ ಶುರು. ಒಮ್ಮೆ ಶುರುವಾದ ಮೇಲೆ ಕೀ ಕಾರಿನಿಂದ ಇಳಿದು ಹೋದರೂ ಎಂಜಿನ್ ನಿಲ್ಲುವುದಿಲ್ಲ. ಓಡುವ ಗಾಡಿ ನಡುರಸ್ತೆಯಲ್ಲಿ ನಿಂತರೆ ಅಪಾಯ, ಅದಕ್ಕೇ ಬೇಕೆಂದೇ ಹಾಗೆ ಮಾಡಿದ್ದಾರೆ. ಸದ್ದು ಮಾಡಿ, ಮೀಟರಿನಲ್ಲಿ ಎಚ್ಚರಿಕೆ ತೋರಿಸುತ್ತದೆ, ಅಷ್ಟೇ.

ಹಾಗಾಗಿ ನಮ್ಮ ಮನೆಯಲ್ಲಿ ಒಂದೇ ನಿಯಮ. ಸ್ಟೀರಿಂಗ್ ಹಿಡಿದವರ ಹತ್ತಿರವೇ ಕೀ. ನಡುವೆ ಡ್ರೈವರ್ ಬದಲಾದರೆ ಕೀ ಕೈಯಿಂದ ಕೈಗೆ ಹೋಗಬೇಕು, ಸೀಟು ಬದಲಾಗುವ ಮೊದಲೇ. ಕೀಯನ್ನು ಗೇರಿನ ಪಕ್ಕದ ಗುಂಡಿಯಲ್ಲಿ ಇಟ್ಟರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಅಲ್ಲೇ ಬಿಟ್ಟು ಇಳಿಯುತ್ತೀರಿ, ಒಂದಲ್ಲ ಒಂದು ದಿನ.

ಡೆಲಿವರಿ ದಿನ

ಶೋರೂಂನಲ್ಲಿ ಹಾರ, ಫೋಟೋ, ನಿಂಬೆಹಣ್ಣು ಎಲ್ಲ ಮುಗಿದ ಮೇಲೆ ಹದಿನೈದು ನಿಮಿಷ ನಿಲ್ಲಿ. ಎರಡು ಕೀ ಕೈಗೆ ಬಂದವಾ ನೋಡಿ. ಎರಡರಲ್ಲೂ ಕಾರು ಸ್ಟಾರ್ಟ್ ಮಾಡಿ. ಆಮೇಲೆ ಕೀಯೊಳಗೆ ಅಡಗಿರುವ ಲೋಹದ ಕೀಯನ್ನು ಹೊರಗೆ ತೆಗೆಸಿ, ಅದರಿಂದಲೇ ಡ್ರೈವರ್ ಬಾಗಿಲು ತೆರೆದು ತೋರಿಸಲು ಹೇಳಿ. ಕೆಲವು ಕಾರುಗಳಲ್ಲಿ ಕೀ ತೂತಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದನ್ನು ತೆಗೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಕೀಯ ಸೆಲ್ಲು ಸತ್ತರೆ ಸ್ಟಾರ್ಟ್ ಮಾಡುವುದು ಹೇಗೆ ಅಂತಲೂ ಅಲ್ಲೇ ಕೇಳಿ. ಅಲ್ಲಿದ್ದವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕರೆಸಿ. ಸಂಕೋಚ ಬೇಡ.

ಸ್ಟಾರ್ಟ್ ಮಾಡುವುದು

ಆಟೋಮ್ಯಾಟಿಕ್ ಆದರೆ ಬ್ರೇಕ್, ಮ್ಯಾನ್ಯುಯಲ್ ಆದರೆ ಕ್ಲಚ್ ಪೂರ್ತಿ ಒತ್ತಿ ಬಟನ್ ಒತ್ತಿ. ಪೆಡಲ್ ಒತ್ತದೆ ಬಟನ್ ಒತ್ತಿದರೆ ಬರೀ ಕರೆಂಟ್ ಬರುತ್ತದೆ, ಎಂಜಿನ್ ಶುರುವಾಗುವುದಿಲ್ಲ.

ಆಫ್ ಮಾಡುವುದು

ಇಲ್ಲಿ ಅವಸರ ಬೇಡ. ಹಳೇ ಕಾರಿನಲ್ಲಿ ಕೀ ಕೈಗೆ ಬಂದರೆ ಎಂಜಿನ್ ನಿಂತಿದೆ ಅಂತ ಅರ್ಥ. ಇಲ್ಲಿ ಹಾಗಿಲ್ಲ. ಈಗಿನ ಎಷ್ಟೋ ಕಾರುಗಳು ನಿಂತ ತಕ್ಷಣ ಎಂಜಿನ್ನನ್ನು ತಾವೇ ನಿಲ್ಲಿಸುತ್ತವೆ. ಎಂಜಿನ್ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಆದರೆ ಇನ್ನೂ ಸದ್ದಿಲ್ಲ. ಆಫ್ ಆಯಿತು ಅಂದುಕೊಂಡು ಇಳಿದರೆ, ಬ್ಯಾಟರಿ ಇಳಿದಾಗ ಎಂಜಿನ್ ತಾನಾಗೇ ಶುರುವಾಗಬಹುದು. ಮನೆಗೆ ಅಂಟಿಕೊಂಡ, ಷಟರ್ ಎಳೆದ ಗ್ಯಾರೇಜಿನಲ್ಲಿ ಹೀಗಾದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ. ಅಮೆರಿಕದಲ್ಲಿ ಹೀಗೆ ಮಲಗಿದ್ದವರು ಮಲಗಿದಲ್ಲೇ ಸತ್ತಿದ್ದಾರೆ.

ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಗೇರ್ ಪಿಗೆ (ಪಾರ್ಕಿಂಗ್), ಕೊನೆಗೆ ಬಟನ್. ಮುಳ್ಳಯ್ಯನಗಿರಿಯ ದಾರಿಯಂಥ ಇಳಿಜಾರಿನಲ್ಲಿ ಈ ಕ್ರಮ ತಪ್ಪಿಸಲೇಬೇಡಿ. ಇಲ್ಲದಿದ್ದರೆ ಕಾರಿನ ಭಾರವೆಲ್ಲ ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ. ಪಿ ಹಾಕದೆ ಬಟನ್ ಒತ್ತಿದರೆ ಬಹಳ ಕಾರುಗಳು ಪೂರ್ತಿ ಆಫ್ ಆಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಮ್ಯಾನ್ಯುಯಲ್ ಆದರೆ ಹ್ಯಾಂಡ್‌ಬ್ರೇಕ್ ಎಳೆದು, ಆಫ್ ಮಾಡಿ, ಏರು ಮುಖವಾಗಿ ನಿಂತಿದ್ದರೆ ಒಂದನೇ ಗೇರ್, ಇಳಿಮುಖವಾಗಿದ್ದರೆ ರಿವರ್ಸ್ ಹಾಕಿ.

ಮೀಟರ್ ಕತ್ತಲಾಗಿದ್ದನ್ನು ಕಣ್ಣಾರೆ ನೋಡಿ ಇಳಿಯಿರಿ. ಹೊರಗಿಂದ ಲಾಕ್ ಬಟನ್ ಒತ್ತಿದಾಗ ಕಾರು ಲಾಕ್ ಆಗದೆ ಕಿರುಚಿಕೊಂಡರೆ, ಒಳಗೆ ಏನೋ ಆನ್ ಇದೆ, ಇಲ್ಲವೇ ಇನ್ನೊಂದು ಕೀ ಒಳಗೇ ಇದೆ. ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ, ಬಾಗಿಲು ತೆಗೆದು ನೋಡಿ.

ಕೀಯ ಸೆಲ್ಲು ಸತ್ತಾಗ

ಜನ ಅತಿ ಹೆಚ್ಚು ಗಾಬರಿಯಾಗುವುದು ಇಲ್ಲೇ. ಮಳೆಗಾಲದ ಒಂದು ಸಂಜೆ ಸಕಲೇಶಪುರದ ಹತ್ತಿರದ ತೋಟದಿಂದ ಚಿಕ್ಕಪ್ಪ ಫೋನ್ ಮಾಡಿದರು. ಬಾಗಿಲು ತೆಗೆಯುತ್ತಿಲ್ಲ, ಹಿಂದಿನ ಸಣ್ಣ ಗಾಜು ಒಡೆಯುತ್ತೇನೆ ಅಂದರು. ಕೈಯಲ್ಲಿ ಆಗಲೇ ಕಲ್ಲು ಇತ್ತಂತೆ.

"ಚಿಕ್ಕಪ್ಪ, ಕಲ್ಲು ಕೆಳಗಿಡಿ. ಕೀಯ ಒಂದು ತುದೀಲಿ ಸಣ್ಣ ಗುಂಡಿ ಇದೆ ನೋಡಿ. ಅದನ್ನ ಅದುಮಿ ಎಳೀರಿ."

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ಆಮೇಲೆ, "ಅಯ್ಯೋ, ಇದರೊಳಗೆ ಕೀ ಇದೆ ಅಂತ ಯಾರೂ ಹೇಳೇ ಇಲ್ಲವಲ್ಲೋ ಮಗ!"

ಆ ಲೋಹದ ಕೀಯಿಂದ ಡ್ರೈವರ್ ಬಾಗಿಲು ತೆರೆಯಿರಿ. ಆಗ ಅಲಾರಂ ಜೋರಾಗಿ ಕೂಗಿಕೊಳ್ಳಬಹುದು. ಹೆದರಬೇಡಿ, ಕಾರು ಸ್ಟಾರ್ಟ್ ಆದರೆ ನಿಲ್ಲುತ್ತದೆ. ಒಳಗೆ ಕೂತು, ಬಾಗಿಲು ಹಾಕಿ, ಬ್ರೇಕ್ ಅಥವಾ ಕ್ಲಚ್ ಒತ್ತಿ. ಈಗ ಸತ್ತ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ಒತ್ತಿ ಹಿಡಿಯಿರಿ. ಬಹಳ ಕಾರುಗಳಲ್ಲಿ ಕೀಯ ತುದಿಯಿಂದಲೇ ಬಟನ್ ಒತ್ತಬಹುದು. ಕೆಲವದರಲ್ಲಿ ಕೀ ಇಡುವ ಜಾಗ ಬೇರೆ, ಲೋಟ ಇಡುವ ಗುಂಡಿಯ ತಳದಲ್ಲೋ, ಮಧ್ಯದ ಪೆಟ್ಟಿಗೆಯಲ್ಲೋ, ಸ್ಟೀರಿಂಗ್ ಪಕ್ಕದಲ್ಲೋ ಇರುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಆ ಪುಟದ ಕಿವಿ ಮಡಚಿಡಿ.

ಸೆಲ್ಲು ಸತ್ತ ಮೇಲೂ ಕೀ ಹೇಗೆ ಕೆಲಸ ಮಾಡುತ್ತದೆ? ಶಾಂತಿಗ್ರಾಮದ ಟೋಲ್‌ನಲ್ಲಿ ನಿಮ್ಮ ಫಾಸ್ಟ್‌ಟ್ಯಾಗ್ ಓದುತ್ತಾರಲ್ಲ, ಆ ಸ್ಟಿಕ್ಕರಿನೊಳಗೆ ಸೆಲ್ಲಿಲ್ಲ. ಓದುವ ಯಂತ್ರದ ಅಲೆಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. ಕೀಯಲ್ಲೂ ಅಂಥದೇ ಒಂದು ಚಿಪ್ ಇದೆ. ಆದರೆ ಅದು ಎಚ್ಚರವಾಗುವುದು ಕೆಲವೇ ಸೆಂಟಿಮೀಟರ್ ದೂರದಲ್ಲಿ. ಅದಕ್ಕೇ ಒತ್ತಿ ಹಿಡಿಯಬೇಕು. ಕೈಯಲ್ಲಿ ಎತ್ತಿ ತೋರಿಸಿದರೆ ಆಗುವುದಿಲ್ಲ.

ಒಂದು ವಿಷಯ ಗಮನಿಸಿ. ಬಟನ್ ಒತ್ತಿದಾಗ ಮೀಟರಿನಲ್ಲಿ ದೀಪವೇ ಬರದಿದ್ದರೆ, ಅಥವಾ ಕಟ ಕಟ ಅಂತ ಸದ್ದು ಮಾತ್ರ ಬಂದರೆ, ತೊಂದರೆ ಕೀಯದ್ದಲ್ಲ, ಕಾರಿನ ದೊಡ್ಡ ಬ್ಯಾಟರಿಯದು. ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಡುವ ಜಂಪರ್ ವೈರ್ ತರಿಸಿ. ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ, ಆಗುವುದೂ ಇಲ್ಲ.

ಸೆಲ್ಲು ಬದಲಿಸುವುದು

ಹ್ಯಾಂಡಲ್ ಬಟನ್ ಎರಡು ಸಲ ಒತ್ತಬೇಕಾಗಿ ಬಂದರೆ, ಇಲ್ಲವೇ ಮೀಟರಿನಲ್ಲಿ ಕೀ ಬ್ಯಾಟರಿ ಸೂಚನೆ ಬಂದರೆ, ಅದೇ ವಾರ ಬದಲಿಸಿ. ಹೆಚ್ಚಿನ ಕೀಗಳಿಗೆ ಸಿಆರ್2032 ಸೆಲ್ಲು. ಆ ಅಂಕಿಯಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದು ಇಲ್ಲ ಅಂತ ಅಂಗಡಿಯವರು 2025 ಕೊಡುತ್ತಾರೆ. ಅಗಲ ಅಷ್ಟೇ ಇರುವುದರಿಂದ ಕೂರುತ್ತದೆ, ಆದರೆ ದಪ್ಪ 2.5 ಮಿಲಿಮೀಟರ್ ಮಾತ್ರ. ಒಳಗೆ ಅಲ್ಲಾಡಿ ಆಗಾಗ ಕೈಕೊಡುತ್ತದೆ. ತೆಗೆದುಕೊಳ್ಳಬೇಡಿ. ಪ್ಯಾಕೆಟ್ ಇಲ್ಲದೆ ಡಬ್ಬದಲ್ಲಿ ಬಿಡಿಬಿಡಿಯಾಗಿ ಹಾಕಿಟ್ಟ ಸೆಲ್ಲುಗಳೂ ಬೇಡ. ಒಂದಕ್ಕೊಂದು ತಾಗಿ ಅರ್ಧ ಸತ್ತಿರುತ್ತವೆ. ರೀಚಾರ್ಜ್ ಆಗುವ ಎಲ್‌ಐಆರ್2032 ಅಂತ ಬರುತ್ತದೆ, ನೋಡಲು ಹಾಗೇ ಇರುತ್ತದೆ. ಮಾಮೂಲಿ ಸೆಲ್ಲು 3 ವೋಲ್ಟ್, ಇದು ಅದಕ್ಕಿಂತ ಜಾಸ್ತಿ. ಹಾಕಬೇಡಿ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ. ಲೋಹದ ಕೀ ತೆಗೆದರೆ ಅಲ್ಲೊಂದು ಸೀಳು ಕಾಣುತ್ತದೆ. ಸ್ಕ್ರೂಡ್ರೈವರ್ ತುದಿಗೆ ಒಂದು ಸುತ್ತು ಟೇಪ್ ಸುತ್ತಿ, ಸೀಳಿನಲ್ಲಿಟ್ಟು, ಮೆಲ್ಲಗೆ ತಿರುಗಿಸಿ. ಮೀಟಬಾರದು, ತಿರುಗಿಸಬೇಕು. ತಟಕ್ ಅಂತ ಒಂದು ಬದಿ ಬಿಡುತ್ತದೆ, ಆಮೇಲೆ ಉಗುರಿನಿಂದ ಸುತ್ತಲೂ ಬಿಡಿಸಿಕೊಂಡು ಹೋಗಿ. ಅಡುಗೆಮನೆಯ ಚಾಕು ತರಬೇಡಿ. ಅದು ಜಾರಿ ನನ್ನ ತಮ್ಮನ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದಿದೆ. ಕೆಲವು ಕೀಗಳೊಳಗೆ ತೆಳುವಾದ ರಬ್ಬರ್ ಪಟ್ಟಿ ಇರುತ್ತದೆ, ನೀರು ಒಳಗೆ ಹೋಗದಂತೆ ತಡೆಯುವುದು ಅದೇ. ಚಾಕು ಅದನ್ನೂ ಕತ್ತರಿಸುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಆ ಪಟ್ಟಿ ಹರಿದ ಕೀ ಬಹಳ ದಿನ ಬಾಳುವುದಿಲ್ಲ.

ಹಳೇ ಸೆಲ್ಲು ತೆಗೆಯುವ ಮೊದಲು ಪ್ಲಸ್ ಗುರುತು ಮೇಲಿದೆಯೋ ಕೆಳಗಿದೆಯೋ ಫೋಟೋ ತೆಗೆದುಕೊಳ್ಳಿ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಜಿಡ್ಡು ಮೇಲೆ ಕೂತರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಲೋಹದ ಸಣ್ಣ ನಾಲಗೆಗಳನ್ನು ಬಗ್ಗಿಸಬೇಡಿ. ಮುಚ್ಚಿ ಸುತ್ತಲೂ ಅದುಮಿ, ಎಲ್ಲೂ ಸಂದು ಉಳಿಯಬಾರದು. ಇದಕ್ಕೆ ಸಾಮಾನ್ಯವಾಗಿ ಪ್ರೋಗ್ರಾಮಿಂಗ್, ಅಂದರೆ ಕೀಯನ್ನು ಕಾರಿಗೆ ಮತ್ತೆ ಪರಿಚಯಿಸುವ ಕೆಲಸ, ಬೇಕಾಗುವುದಿಲ್ಲ. ಬರೀ ಸೆಲ್ಲು ಬದಲಿಸಲು ಅದಕ್ಕೂ ದುಡ್ಡು ಕೇಳಿದರೆ ಕೊಡಬೇಡಿ.

ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಲೇಬೇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಖಾಲಿ ಅನ್ನಿಸಿದ ಸೆಲ್ಲಿನಿಂದಲೂ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಮನೆಯಲ್ಲಿ ಕೀ ಎಲ್ಲಿಡಬೇಕು?

ಬಾಗಿಲ ಪಕ್ಕದ ಮೊಳೆಗೆ ಬೇಡ. ಒಬ್ಬ ಮನೆ ಬಾಗಿಲ ಹತ್ತಿರ, ಇನ್ನೊಬ್ಬ ಕಾರಿನ ಹತ್ತಿರ ಯಂತ್ರ ಹಿಡಿದು ನಿಂತು, ಕಾರಿನ ಕೂಗನ್ನು ಕೀಯವರೆಗೆ ದಾಟಿಸಿ ಕಾರು ಕದಿಯಬಹುದು. ಕೀ ಪಕ್ಕದಲ್ಲೇ ಇದೆ ಅಂತ ಕಾರು ನಂಬುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 10 ಮಾದರಿಯ ಕಾರುಗಳಲ್ಲಿ ಇದನ್ನು ಮಾಡಿ ತೋರಿಸಿದ್ದರು. ಹತ್ತಕ್ಕೆ ಹತ್ತೂ ಮೋಸಹೋದವು. ಕೆಲವು ಹೊಸ ಕೀಗಳು ಅಲ್ಲಾಡದೆ ಇದ್ದರೆ ನಿದ್ದೆ ಹೋಗುತ್ತವೆ. ನಿಮ್ಮದು ಹಾಗಿದೆಯಾ ಪುಸ್ತಕದಲ್ಲಿ ನೋಡಿ.

ಆನ್‌ಲೈನ್‌ನಲ್ಲಿ ಸಿಗುವ ಅಲೆ ತಡೆಯುವ ಚೀಲಗಳು ಮಡಿಕೆಯಲ್ಲೇ ಸವೆದುಹೋಗುತ್ತವೆ. ನನಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬವೇ ಇಷ್ಟ. ಕೀಯನ್ನು ಡಬ್ಬದಲ್ಲಿ ಹಾಕಿ, ಮುಚ್ಚಿ, ಕಾರಿನ ಬಾಗಿಲಿಗೆ ತಾಗಿಸಿ ಹಿಡಿದು ಹ್ಯಾಂಡಲ್ ಬಟನ್ ಒತ್ತಿ. ಬಾಗಿಲು ತೆರೆದರೆ ಬೇರೆ ಡಬ್ಬ ಹುಡುಕಿ. ಕಾರು ನಿಲ್ಲಿಸುವ ಜಾಗಕ್ಕೆ ಒರಗಿದ ಗೋಡೆಯ ಬೀರುವೂ ಬೇಡ. ಕೆಲವು ಕಾರುಗಳು ಬಟನ್ ಒತ್ತದಿದ್ದರೂ ಕೂಗುತ್ತಿರುತ್ತವೆ, ಕೀ ಮತ್ತು ಕಾರು ರಾತ್ರಿಯಿಡೀ ಮಾತಾಡಿಕೊಂಡು ಸೆಲ್ಲು ಬೇಗ ಮುಗಿಯುತ್ತದೆ. ಓಡಾಡುವಾಗ ಫೋನ್ ಇರುವ ಜೇಬಿನಲ್ಲೇ ಕೀ ಇಡಬೇಡಿ, ಅಲೆಗೆ ಅಡ್ಡಿಯಾಗುತ್ತದೆ.

ಕೀ ಕಳೆದರೆ

ಸ್ಪೇರ್ ಕೀ ಮತ್ತು ಆರ್‌ಸಿ ತೆಗೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ. ಹೊಸ ಕೀ ಮಾಡಿಸುವುದು ಮಾತ್ರ ಸಾಲದು, ಕಳೆದ ಕೀಯನ್ನು ಕಾರಿನ ನೆನಪಿನಿಂದ ಅಳಿಸಲು ಬಾಯಿಬಿಟ್ಟು ಹೇಳಿ. ಇನ್ಶೂರೆನ್ಸ್ ಮಾಡಿಸುವಾಗ, ಕೀ ಕಳೆದರೆ ಹೊಸ ಕೀಯ ಖರ್ಚು ಕೊಡುವ ಕವರ್ ಸೇರಿಸಿಕೊಳ್ಳಿ. ಕಾರು ಕಳವಾದರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ, ಒಂದೇ ಇದ್ದರೆ ತಕರಾರು. ಸ್ಪೇರ್ ಕೀಯನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡುವವರು ಇದ್ದಾರೆ, ದಯವಿಟ್ಟು ಇವತ್ತೇ ಹೊರಗೆ ತೆಗೆಯಿರಿ.

ಬೀರುವಿನಲ್ಲಿ ಮಲಗಿರುವ ಸ್ಪೇರ್ ಕೀಯ ಸೆಲ್ಲೂ ಸಾಯುತ್ತದೆ. ನಾವು ಆಯುಧಪೂಜೆಯ ಹಿಂದಿನ ದಿನ ಕಾರು ತೊಳೆಯುವಾಗಲೇ ಎರಡೂ ಕೀಗಳ ಸೆಲ್ಲು ಬದಲಿಸುತ್ತೇವೆ. ಮಾರನೇ ದಿನ ಅಮ್ಮ ಎರಡಕ್ಕೂ ಕುಂಕುಮ ಇಡುತ್ತಾರೆ. ಅಲ್ಲಿಂದ ಮುಂದಿನ ದಸರಾದವರೆಗೆ ಬೀರುವಿನ ಕೀ ಓಡಾಟಕ್ಕೆ, ಓಡಾಡಿದ ಕೀ ಬೀರುವಿಗೆ.