ಟೂಲ್ ಬ್ಯಾಗ್ ಹೊತ್ತವನ ವಿಮಾನದ ಲೆಕ್ಕ

ಆಸ್ಪತ್ರೆ ಲ್ಯಾಬ್‌ಗಳ ಮಷಿನ್ ರಿಪೇರಿ ನನ್ನ ಕೆಲಸ. ರಕ್ತ ಪರೀಕ್ಷೆಯ ಅನಲೈಸರ್, ಸೆಂಟ್ರಿಫ್ಯೂಜ್, ಇಂಥವು. ಮೊದಲು ಒಂದು ಕಂಪನಿಯಲ್ಲಿದ್ದೆ. ಆಗ ಟಿಕೆಟ್ ಯಾರೋ ಬುಕ್ ಮಾಡುತ್ತಿದ್ದರು, ದುಡ್ಡು ಯಾರೋ ಕಟ್ಟುತ್ತಿದ್ದರು, ನಾನು ಹೋಗಿ ಕೂರುತ್ತಿದ್ದೆ ಅಷ್ಟೇ. ಒಂಬತ್ತು ವರ್ಷದಿಂದ ಸ್ವಂತಕ್ಕೆ ಮಾಡುತ್ತಿದ್ದೇನೆ. ಈಗ ಪ್ರತಿ ಟಿಕೆಟ್ಟೂ ನನ್ನ ಜೇಬಿನಿಂದ. ಬೆಂಗಳೂರಿನಿಂದ ತಿಂಗಳಿಗೆ ಎರಡು ಸಲ ಮುಂಬೈ, ಆಗೀಗ ಹುಬ್ಬಳ್ಳಿ, ಮಂಗಳೂರು. ಯಾವುದೂ ಎರಡು ಗಂಟೆ ದಾಟದ ಹಾರಾಟ. ಇಷ್ಟು ಸಣ್ಣ ದಾರಿಗೆ ಅಗ್ಗದ ಬಜೆಟ್ ವಿಮಾನವೋ, ಊಟ ಟಿಕೆಟ್‌ನಲ್ಲೇ ಸೇರಿರುವ ಫುಲ್ ಸರ್ವೀಸ್ ವಿಮಾನವೋ ಅನ್ನೋದೇ ನನ್ನ ಲೆಕ್ಕ.

ನಾನು ಮೊದಲ ಸಲ ವಿಮಾನ ಹತ್ತಿದ್ದು 2005ರಲ್ಲಿ, ಹಳೇ ಎಚ್‌ಎಎಲ್ ನಿಲ್ದಾಣದಿಂದ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ್ದ ಏರ್ ಡೆಕ್ಕನ್ ಅದು. ಬೋರ್ಡಿಂಗ್ ಪಾಸ್‌ನಲ್ಲಿ ಸೀಟ್ ನಂಬರೇ ಇರಲಿಲ್ಲ. ಮೊದಲು ಹತ್ತಿದವರಿಗೆ ಕಿಟಕಿ. ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನು ನಾನು, ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಪಕ್ಕದಲ್ಲಿದ್ದ ಸೂಟು ಬೂಟಿನ ಯಜಮಾನರು ಮಾತ್ರ ಮದುವೆ ಮನೆ ಊಟದ ಪಂಕ್ತಿಯಲ್ಲಿ ಎಲೆ ಸಿಗದವರ ಹಾಗೆ ನಿಂತಿದ್ದರು. ಬಜೆಟ್ ವಿಮಾನ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಆ ಮುಖ.

ಸ್ವಂತ ಕೆಲಸ ಶುರುವಾದ ಮೇಲೆ ಒಂದೆರಡು ವರ್ಷ ನಾನು ನೋಡುತ್ತಿದ್ದದ್ದು ಮೊಬೈಲ್‌ನಲ್ಲಿ ಕಾಣುವ ಮೊದಲ ಅಂಕಿ ಒಂದೇ. ಮುಂಬೈಗೆ ಬಜೆಟ್‌ನದ್ದು 4,150, ಫುಲ್ ಸರ್ವೀಸ್‌ನದ್ದು 4,900. ಕಣ್ಣು ಮುಚ್ಚಿ 4,150. ಮುಂದಿನ ಸಾಲಿನ ಸೀಟಿಗೆ ಮುನ್ನೂರು ಕೊಟ್ಟರೂ 450 ಉಳಿಯಿತಲ್ಲ ಅಂತ ಖುಷಿ.

ಆ ಖುಷಿ ಇಳಿದಿದ್ದು ತೂಕದ ಮಷಿನ್ ಮುಂದೆ. ನನ್ನ ಟೂಲ್ ಬ್ಯಾಗ್ ಕ್ಯಾಬಿನ್‌ಗೆ ಹೋಗುವ ಹಾಗಿಲ್ಲ. ಸ್ಪ್ಯಾನರ್, ಕಟಿಂಗ್ ಪ್ಲೈಯರ್, ಸ್ಕ್ರೂಡ್ರೈವರ್ ಎಲ್ಲ ಇರುತ್ತದೆ. ಒಮ್ಮೆ ಮರೆತು ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಉಳಿದಿದ್ದ ಉದ್ದದ ಸ್ಕ್ರೂಡ್ರೈವರನ್ನು ಸೆಕ್ಯೂರಿಟಿಯಲ್ಲಿ ಬಿಟ್ಟು ಬಂದಿದ್ದೇನೆ. ಹನ್ನೆರಡು ವರ್ಷ ಜೊತೆಗಿದ್ದದ್ದು, ಹಿಡಿಯ ಮೇಲೆ ನನ್ನ ಹೆಬ್ಬೆರಳಿನ ಗುರುತೇ ಬಿದ್ದಿತ್ತು. ಹಾಗಾಗಿ ಟೂಲ್ಸ್ ಎಲ್ಲ ಚೆಕ್-ಇನ್‌ಗೇ. ಆ ದಿನ ಒಂದು ಪಂಪ್ ಅಸೆಂಬ್ಲಿ ಜಾಸ್ತಿ ಇತ್ತು. ತೂಕ 17.4 ಕೆಜಿ. ಮಿತಿ 15. ಕೌಂಟರ್‌ನ ಹುಡುಗಿ ಪಾಪ ಮೆತ್ತಗೆ ಹೇಳಿದಳು, "ಸರ್, ಮೂರು ಕೆಜಿ ಎಕ್ಸ್‌ಟ್ರಾ ಆಗುತ್ತೆ." ಸಾವಿರದ ಏಳುನೂರು ಚಿಲ್ಲರೆ. ನಾಲ್ಕು ಟಿಕೆಟ್‌ನಲ್ಲಿ ಉಳಿಸಿದ್ದು ನಾಲ್ಕು ನಿಮಿಷದಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅದೇ ಹೆಚ್ಚಿನ ತೂಕವನ್ನು ಹಿಂದಿನ ದಿನ ಆ್ಯಪ್‌ನಲ್ಲೇ ಕೊಂಡಿದ್ದರೆ ಕಡಿಮೆ ಆಗುತ್ತಿತ್ತು. ತಪ್ಪು ನನ್ನದೇ. ವಾಪಸ್ ಬಂದವನೇ ಕೈಯಲ್ಲಿ ತೂಗು ಹಾಕಿ ನೋಡುವ ಸಣ್ಣ ತಕ್ಕಡಿ ತಂದೆ. ಈಗ ಬ್ಯಾಗ್ 14.5 ದಾಟಿದರೆ ಪಾನಾ ಒಂದು ತೆಗೆದಿಡುತ್ತೇನೆ.

ಫುಲ್ ಸರ್ವೀಸ್ ಅಂದರೆ 25 ಕೆಜಿ ಬಿಡುತ್ತಾರೆ ಅಂತ ಇನ್ನೂ ನಂಬಿದವರಿದ್ದಾರೆ. ಆ ಕಾಲ ಹೋಯಿತು. ಏರ್ ಇಂಡಿಯಾ 2024ರ ಮೇ ತಿಂಗಳಲ್ಲಿ ಕಡಿಮೆ ದರದ ಎಕಾನಮಿ ಟಿಕೆಟ್‌ಗೂ 15 ಕೆಜಿ ಅಂತ ಮಾಡಿತು. ಆ ಕಡೆ ಬಜೆಟ್ ಸಂಸ್ಥೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಚೆಕ್-ಇನ್ ಬ್ಯಾಗ್ ಇಲ್ಲದ 'ಲೈಟ್' ದರವೂ ಇದೆ. ಮೊಬೈಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವುದು ಅಂಥ ದರವೇ. ಒಂದು ಜೊತೆ ಬಟ್ಟೆ ಹಿಡಿದು ಹೋಗುವವರಿಗೆ ಅದು ಚಿನ್ನ. ನನ್ನಂಥವನಿಗೆ ದಂಡ. ಇನ್ನು ಫುಲ್ ಸರ್ವೀಸ್ ಎಂದು ಕರೆಸಿಕೊಳ್ಳುವವರು ಎಷ್ಟು ಜನ ಉಳಿದಿದ್ದಾರೆ? ಜೆಟ್ ಏರ್‌ವೇಸ್ 2019ರಲ್ಲಿ ನಿಂತಿತು. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು. ಬಜೆಟ್ ಎಂದೇ ಬೆಳೆದ ಇಂಡಿಗೋ ಕೆಲವು ವಿಮಾನಗಳಲ್ಲಿ ಬಿಸಿನೆಸ್ ಕ್ಲಾಸ್ ಇಟ್ಟಿದೆ. ಗೋಡೆಯೇ ಕರಗಿರುವಾಗ ಹೆಸರು ಹಿಡಿದು ಜಗಳ ಆಡೋದು ಸುಮ್ನೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಬಜೆಟ್‌ನಲ್ಲಿ ಕಪ್ ಉಪ್ಪಿಟ್ಟು ಕೊಂಡರೆ ಬಿಸಿನೀರು ಹಾಕಿ ಮುಚ್ಚಿಡುತ್ತಾರೆ, ಎಂಟು ನಿಮಿಷ ಕಾಯಬೇಕು. ಹಾಸ್ಟೆಲ್‌ನಲ್ಲಿ ನಾವು ಉಪ್ಪಿಟ್ಟನ್ನು ಕಾಂಕ್ರೀಟ್ ಅನ್ನುತ್ತಿದ್ದೆವು. ಆಕಾಶದಲ್ಲಿ ತಿಂದಾಗ ಅದರ ಅರ್ಥ ಪೂರ್ತಿ ಗೊತ್ತಾಗುತ್ತದೆ, ಮೇಲೆ ಒಣಗಿರುತ್ತದೆ, ತಳದಲ್ಲಿ ನೀರು. ಫುಲ್ ಸರ್ವೀಸ್‌ನ ಡಬ್ಬಿ ಪರವಾಗಿಲ್ಲ, ಆದರೆ ಒಂದೂಮುಕ್ಕಾಲು ಗಂಟೆಯ ದಾರಿಗೆ ಅದಕ್ಕೋಸ್ಕರ 750 ಕೊಡುವಷ್ಟು ಅಲ್ಲ. ನನ್ನ ಹೆಂಡತಿ ಚಪಾತಿ ಸುತ್ತಿ ಕೊಡುತ್ತಾಳೆ, ಒಳಗೆ ಚಟ್ನಿಪುಡಿ, ಸ್ವಲ್ಪ ತುಪ್ಪ. ಮನೆ ಊಟ ತಿನ್ನಬೇಡಿ ಅಂತ ಯಾರೂ ತಡೆದಿಲ್ಲ. ಫುಲ್ ಸರ್ವೀಸ್‌ನಲ್ಲಿ ಕಾಲು ಚಾಚೋಕೆ ಒಂದೆರಡು ಇಂಚು ಜಾಸ್ತಿ ಸಿಗುತ್ತದೆ ಅನ್ನುತ್ತಾರೆ. ನಾನು ಐದೂವರೆ ಅಡಿ, ನನಗೆ ಗೊತ್ತಾಗಲಿಲ್ಲ.

ನನ್ನ ಲೆಕ್ಕ ಪೂರ್ತಿ ತಲೆಕೆಳಗಾದದ್ದು 2018ರಲ್ಲಿ. ಆಗ ಫುಲ್ ಸರ್ವೀಸ್ ವಿಮಾನ ಸಂಸ್ಥೆಗಳು ಮೂರಿದ್ದವು, ಅವುಗಳಲ್ಲೊಂದರಲ್ಲಿ ಮುಂಬೈನಿಂದ ವಾಪಸ್ ಬರುವ ರಾತ್ರಿ ಟಿಕೆಟ್ ಮಾಡಿಸಿದ್ದೆ. ಮರುದಿನ ಬೆಳಿಗ್ಗೆ ಬೆಂಗಳೂರಲ್ಲಿ ಮುಖ್ಯವಾದ ಕೆಲಸ ಇತ್ತು, ಅದಕ್ಕೇ ಜಾಸ್ತಿ ಕೊಟ್ಟು 'ಒಳ್ಳೆಯ' ವಿಮಾನ. ಎಂಟೂವರೆಗೆ ಹೊರಡಬೇಕು. ಒಂಬತ್ತು ಅಂದರು. ಆಮೇಲೆ ಒಂಬತ್ತೂವರೆ. ಹೀಗೆ ಅರ್ಧರ್ಧ ಗಂಟೆ ಜಗ್ಗಿ ಹೊರಟಿದ್ದು ಒಂದೂಕಾಲಕ್ಕೆ. ಮಧ್ಯೆ ಒಂದು ಸ್ಯಾಂಡ್‌ವಿಚ್, ಒಂದು ಜ್ಯೂಸ್ ಕೊಟ್ಟರು. ಅದು ಅವರ ಔದಾರ್ಯ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ತಿನ್ನೋಕೆ ಕುಡಿಯೋಕೆ ಕೊಡಲೇಬೇಕು ಅಂತ ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ಬಜೆಟ್ ಆದರೂ ಅದೇ, ಫುಲ್ ಸರ್ವೀಸ್ ಆದರೂ ಅದೇ. ಅಂದರೆ ನಾನು ಜಾಸ್ತಿ ಕೊಟ್ಟ ದುಡ್ಡಿಗೆ ಆ ರಾತ್ರಿ ಸಿಕ್ಕಿದ್ದು ಏನು? ಬೋರ್ಡಿಂಗ್ ಆದಮೇಲೆ ಇನ್ನೊಂದು ಸ್ಯಾಂಡ್‌ವಿಚ್.

ಆ ರಾತ್ರಿ ಗೇಟಿನ ಹತ್ತಿರ ನೆಲದ ಮೇಲೆ ಕೂತು ನೋಡುತ್ತಿದ್ದೆ. ನನ್ನ ಕಣ್ಣೆದುರೇ ಬೇರೆ ಸಂಸ್ಥೆಗಳ ಮೂರು ವಿಮಾನ ಬೆಂಗಳೂರಿಗೆ ಹೋದವು. ನನ್ನದು ಆ ಸಂಸ್ಥೆಯ ಆ ದಿನದ ಕೊನೆಯ ವಿಮಾನ. ಅದು ಬರದಿದ್ದರೆ ಮುಂದಿನದು ಬೆಳಿಗ್ಗೆಯೇ. ಅಂದಿನಿಂದ ಟಿಕೆಟ್ ನೋಡುವಾಗ ಮೊದಲು ನೋಡುವುದು ದರ ಅಲ್ಲ, ನಾನು ಹೋಗುವ ಹೊತ್ತಿನ ನಂತರ ಅದೇ ಸಂಸ್ಥೆಯ ಎಷ್ಟು ವಿಮಾನ ಆ ದಾರಿಯಲ್ಲಿ ಇವೆ ಅಂತ. ಕೊನೆಯ ವಿಮಾನ ಎಷ್ಟೇ ಅಗ್ಗ ಇರಲಿ, ಹತ್ತಲ್ಲ. ಅದರ ಹಿಂದಿನದು.

ಆದರೆ ಇದಕ್ಕೂ ಒಂದು ಪೆಟ್ಟು ಬಿತ್ತು. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ಡ್ಯೂಟಿ ಮತ್ತು ವಿಶ್ರಾಂತಿಯ ಹೊಸ ನಿಯಮಕ್ಕೆ ಹೊಂದಿಕೊಳ್ಳಲಾಗದೆ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆ ಇಂಡಿಗೋದ ಸಾವಿರಾರು ಹಾರಾಟ ರದ್ದಾದದ್ದು ಎಲ್ಲರಿಗೂ ನೆನಪಿದೆ. ಉಳಿದವರ ಟಿಕೆಟ್ ದರ ಗಗನಕ್ಕೇರಿ, ಕೇಂದ್ರ ಸರ್ಕಾರ 500 ಕಿ.ಮೀ. ಒಳಗೆ 7,500 ರೂಪಾಯಿ, ಸಾವಿರ ಕಿ.ಮೀ. ತನಕ 12,000 ಅಂತ ಮಿತಿ ಹಾಕಬೇಕಾಯಿತು. ನನಗೆ ಆ ವಾರ ಮುಂಬೈಯಿಂದ ರಿಪೇರಿ ಕಾಲ್ ಇರಲಿಲ್ಲ, ಬಚಾವ್. ಅವತ್ತಿಂದ ಹೋಗೋದು ಒಬ್ಬರಲ್ಲಿ, ಬರೋದು ಇನ್ನೊಬ್ಬರಲ್ಲಿ. ನಮ್ಮಲ್ಲಿ ಒಂದೊಂದು ದಿಕ್ಕಿನ ಟಿಕೆಟ್ ಬೇರೆ ಬೇರೆ ತೆಗೆದರೂ ನಷ್ಟ ಇಲ್ಲ, ಅದೊಂದು ಅನುಕೂಲ.

ಮತ್ತೆ ಎರಡು ಟಿಕೆಟ್ಟೂ ಒಂದೇ ಥರ ಇರಬೇಕಿಲ್ಲ. ಹೋಗುವಾಗ ನನ್ನ ಸಮಯ ನನಗೆ ಗೊತ್ತಿರುತ್ತದೆ. ಅದಕ್ಕೆ ಇರೋದರಲ್ಲೇ ಅಗ್ಗದ್ದು. ಬರುವ ಸಮಯ ಮಷಿನ್ ಕೈಯಲ್ಲಿರುತ್ತದೆ. ಅರ್ಧ ಗಂಟೆಯ ಕೆಲಸ ಅಂತ ಹೋದವನು ಬೋರ್ಡ್ ಸುಟ್ಟಿದ್ದು ನೋಡಿ ಮರುದಿನದ ತನಕ ಕೂತಿದ್ದಿದೆ. ಅಗ್ಗದ ಟಿಕೆಟ್‌ಗೆ ದಿನ ಬದಲಾಯಿಸುವ ಶುಲ್ಕವೇ ಮೂರು ಸಾವಿರ ಆಸುಪಾಸು, ಮೇಲೆ ದರದ ವ್ಯತ್ಯಾಸ. ಆದ್ದರಿಂದ ವಾಪಸ್ಸಿಗೆ ಆರೇಳು ನೂರು ಜಾಸ್ತಿ ಕೊಟ್ಟು ಬದಲಾವಣೆ ಸಲೀಸಾಗಿರುವ ದರ ತೆಗೆಯುತ್ತೇನೆ. ಇದು ಬಜೆಟ್‌ನಲ್ಲೂ ಸಿಗುತ್ತದೆ. ಒಮ್ಮೆ ಟಿಕೆಟ್ ಪೂರ್ತಿ ರದ್ದು ಮಾಡಬೇಕಾಗಿ ಬಂದಾಗ 'ನಾನ್ ರೀಫಂಡಬಲ್' ಅಂತ ನೋಡಿ ಸುಮ್ಮನಿದ್ದುಬಿಟ್ಟಿದ್ದೆ. ಹಾಗೆ ಬಿಡಬಾರದಂತೆ. ವಿಮಾನ ನಿಲ್ದಾಣದ ಬಳಕೆ ಶುಲ್ಕ, ತೆರಿಗೆ ಎಲ್ಲ ಅಂಥ ಟಿಕೆಟ್‌ನಲ್ಲೂ ವಾಪಸ್ ಕೊಡಲೇಬೇಕು. ನನ್ನಂತೆ ಜಿಎಸ್‌ಟಿ ನೋಂದಣಿ ಇದ್ದವರು ಬುಕ್ ಮಾಡುವಾಗಲೇ ನಂಬರ್ ಹಾಕಿ, ಎಕಾನಮಿ ಟಿಕೆಟ್‌ನ ಶೇ. 5 ಜಿಎಸ್‌ಟಿಗೆ ಕ್ರೆಡಿಟ್ ಸಿಗುತ್ತದೆ. ನನ್ನ ಆಡಿಟರ್ ಬೈಯುವ ತನಕ ನಾನೂ ಹಾಕುತ್ತಿರಲಿಲ್ಲ.

ಇನ್ನೊಂದು, ಮನೆ ಬಾಗಿಲಿನಿಂದ ಲೆಕ್ಕ ಹಾಕಬೇಕು. ನನ್ನ ಮನೆ ರಾಜಾಜಿನಗರ. ಬೆಳಿಗ್ಗೆ ಆರರ ವಿಮಾನ ಆರುನೂರು ರೂಪಾಯಿ ಅಗ್ಗ ಅಂತ ತೆಗೆದರೆ ಮೂರು ಗಂಟೆಗೆ ಕ್ಯಾಬ್ ಹತ್ತಬೇಕು. ಸಾವಿರದ ಮೇಲೆ ಅಲ್ಲೇ ಹೋಯಿತು. ಎಂಟೂವರೆಯದ್ದಾದರೆ ಮೆಜೆಸ್ಟಿಕ್‌ನಿಂದ ಕೆಐಎ-9 ವಾಯುವಜ್ರ ಬಸ್ ಹತ್ತಿ ನಿದ್ದೆ ಮಾಡಿಕೊಂಡು ದೇವನಹಳ್ಳಿ ಸೇರುತ್ತೇನೆ. ಯಾವ ಟರ್ಮಿನಲ್ ಅನ್ನೋದೂ ಮುಖ್ಯ. ಎರಡನೇ ಟರ್ಮಿನಲ್ ನೋಡೋಕೆ ಚೆಂದ, ಬಿದಿರು, ಗಿಡಬಳ್ಳಿ. ಆದರೆ ಗೇಟಿನ ತನಕ ನಡೆಯುವುದು ಜಾಸ್ತಿ, ನಾನು ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ. ಆ ಕಡೆ ಮುಂಬೈಯಲ್ಲಿ ಈಗ ಮೂರು ಬಾಗಿಲು. ಹಳೇ ನಿಲ್ದಾಣದ ಎರಡು ಟರ್ಮಿನಲ್, ಜೊತೆಗೆ 2025ರ ಡಿಸೆಂಬರ್ 25ರಿಂದ ನವಿ ಮುಂಬೈ. ನನ್ನ ಗ್ರಾಹಕರಲ್ಲಿ ಒಬ್ಬರು ಪನ್ವೇಲ್‌ನಲ್ಲಿದ್ದಾರೆ, ಅವರಿಗೆ ಹೊಸದು ಪಕ್ಕದ ಮನೆ ಇದ್ದ ಹಾಗೆ. ಮುಂಬೈ ಒಳಗಿನ ಪರೇಲ್ ಕೆಲಸಕ್ಕೆ ಹೋಗುವಾಗ ಗಮನಿಸದೆ ಅಲ್ಲಿಗೆ ಟಿಕೆಟ್ ತೆಗೆದರೆ ಉಳಿಸಿದ್ದೆಲ್ಲ ಟ್ಯಾಕ್ಸಿಯವನಿಗೆ.

ಹುಬ್ಬಳ್ಳಿ, ಮಂಗಳೂರಿಗೆ ಈ ಚರ್ಚೆಯೇ ಇಲ್ಲ. ನಾನು ನೋಡಿದಾಗಲೆಲ್ಲ ಬೆಂಗಳೂರಿಂದ ಅಲ್ಲಿಗೆ ಇದ್ದದ್ದು ಬಜೆಟ್ ಇಲ್ಲವೇ ಸಣ್ಣ ಪ್ರಾದೇಶಿಕ ವಿಮಾನ. ಎಟಿಆರ್ ಅನ್ನುವ ಸಣ್ಣ ವಿಮಾನ ಬಂದರೆ ತಲೆಯ ಮೇಲಿನ ಗೂಡು ಚಿಕ್ಕದು, ಚಕ್ರದ ಬ್ಯಾಗನ್ನು ಮೆಟ್ಟಿಲ ಹತ್ತಿರವೇ ಇಸಿದುಕೊಳ್ಳುತ್ತಾರೆ. ಹುಬ್ಬಳ್ಳಿಗೆ ನನ್ನ ನಿಜವಾದ ಪೈಪೋಟಿ ವಂದೇ ಭಾರತ್ ರೈಲು. ಯಶವಂತಪುರ ನನಗೆ ಹತ್ತು ನಿಮಿಷ, ರೈಲಿನಲ್ಲಿ ಸುಮಾರು ಆರು ಗಂಟೆ. ವಿಮಾನದಲ್ಲಿ ಮನೆಯಿಂದ ಆಸ್ಪತ್ರೆ ತನಕ ನಾಲ್ಕೂವರೆ, ಐದು. ಒಂದು ಗಂಟೆ ಉಳಿಸೋಕೆ ಎರಡು ಪಟ್ಟು ದುಡ್ಡು ಯಾಕೆ? ಜೊತೆಗೆ ರೈಲಿನಲ್ಲಿ ಸ್ಕ್ರೂಡ್ರೈವರ್ ಯಾರೂ ಕಿತ್ತುಕೊಳ್ಳಲ್ಲ.

2018ರ ಆ ರಾತ್ರಿ ಬಿಟ್ಟರೆ ನಾನು ಕೈಬಿಚ್ಚಿ ಖರ್ಚು ಮಾಡಿದ್ದು ಒಂದೇ ಸಲ, ಅಮ್ಮನ ಜೊತೆ. ಅಕ್ಕ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದಾಳೆ. ಅಮ್ಮನಿಗೆ ಮಂಡಿನೋವು, ಬಸ್ಸಿನಲ್ಲಿ ವಿಮಾನದ ಹತ್ತಿರ ಹೋಗಿ ಮೇಲೆ ಹತ್ತುವುದು ಕಷ್ಟ. ನೇರ ವಿಮಾನದ ಬಾಗಿಲಿಗೇ ಸೇರುವ ಏರೋಬ್ರಿಡ್ಜ್ ಸಿಗಬಹುದು ಅಂತ ಫುಲ್ ಸರ್ವೀಸ್ ತೆಗೆದೆ. ಹೋಗುವಾಗ ಸಿಕ್ಕಿತು. ಬರುವಾಗ ಬಜೆಟ್‌ನಲ್ಲಿ ಬಂದೆವು, ಅಲ್ಲೂ ಸಿಕ್ಕಿತು! ವೀಲ್‌ಚೇರ್ ಎರಡು ದಿನ ಮೊದಲೇ ಹೇಳಿಟ್ಟಿದ್ದೆ, ಎರಡೂ ಕಡೆ ದುಡ್ಡು ಕೇಳಲಿಲ್ಲ.

ಬಜೆಟ್, ಫುಲ್ ಸರ್ವೀಸ್ ಎರಡರಲ್ಲೂ ಒಂದೇ ಆದ ಇನ್ನೊಂದು ವಿಷಯ ಇದೆ. ನಮ್ಮದು ತಿಪಟೂರು. ಅಮ್ಮ ಮಗಳ ಮನೆಗೆ ಹೋಗುವಾಗ ಏನು ತಗೊಂಡು ಹೋಗುತ್ತಾರೆ ಅಂತ ಬೇರೆ ಹೇಳಬೇಕಾ? ಬ್ಯಾಗ್ ಸ್ಕ್ಯಾನ್ ಆದಮೇಲೆ ಪಕ್ಕಕ್ಕೆ ಕರೆದರು. ಒಳಗೆ ಸೀರೆಗಳ ನಡುವೆ ಎರಡು ಕೆಜಿ ಕೊಬ್ಬರಿ.

"ಎಣ್ಣೆ ಅಂಶ ಜಾಸ್ತಿ ಅಮ್ಮ, ಬೆಂಕಿ ಹತ್ತುತ್ತೆ ಅಂತ ಚೆಕ್-ಇನ್‌ನಲ್ಲಿ ಬಿಡಲ್ಲ," ಅಂದೆ.

"ಅರವತ್ತು ವರ್ಷ ಅಟ್ಟದ ಮೇಲೆ ಇಟ್ಟಿದೀವಿ ಕಣೋ. ಒಂದು ದಿನ ಹತ್ತಿಕೊಂಡಿದ್ದು ನೋಡಿದೀಯಾ?" ವೀಲ್‌ಚೇರ್‌ನಲ್ಲಿ ಕೂತೇ ಜೋರಾಗಿ ಕೇಳಿದರು. ವೀಲ್‌ಚೇರ್ ತಳ್ಳುತ್ತಿದ್ದ ಹುಡುಗ ತುಮಕೂರಿನವನು, ನಗು ತಡೆಯಲಾಗದೆ ಆ ಕಡೆ ತಿರುಗಿದ.

ಕೊಬ್ಬರಿ ಅಲ್ಲೇ ಉಳಿಯಿತು. ಈಗ ನಾನು ಮುಂಬೈ ಕಾಲ್ ಇದೆ ಅಂದ ತಕ್ಷಣ ಊರಿಂದ ಬಸ್ಸಿನಲ್ಲಿ ಒಂದು ಡಬ್ಬಿ ಬರುತ್ತದೆ. ಕೊಬ್ಬರಿ ಮಿಠಾಯಿ, ಒಂದೂವರೆ ಕೆಜಿ. ನಾಳಿದ್ದು ಹೋಗಬೇಕು. ತಕ್ಕಡಿಯಲ್ಲಿ ಟೂಲ್ ಬ್ಯಾಗ್ 14.3 ತೋರಿಸುತ್ತಿದೆ, ಡಬ್ಬಿ ಲ್ಯಾಪ್‌ಟಾಪ್ ಪಕ್ಕದಲ್ಲಿ ಕೂತಿದೆ.