ತಂತಿಯ ತಪ್ಪಿಗೆ ಡ್ರೈವರಿಗೆ ಬೈಗುಳ

ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ನೋಟೀಸು, ಇದೇ ಕೆಲಸ. ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳ ಹಾಕಿಸುವವರು ಕಾಸರಗೋಡಿನಲ್ಲಿ ಬೇಕಾದಷ್ಟು ಮಂದಿ. ಒಂದೇ ಪರದೆಯಲ್ಲಿ ಕಿಟಕಿ ಬದಲಿಸುತ್ತಾ ತಾಳೆ ನೋಡುತ್ತಿದ್ದೆ. ಒಮ್ಮೆ ಮುಹೂರ್ತದ ಗಂಟೆ ಮಲಯಾಳದ ಕಡೆ ಬೇರೆಯೇ ಆಗಿ ಅಚ್ಚಾಯಿತು. ಮದುಮಗಳ ಅಪ್ಪನ ಮುಖ ನೋಡಿದ ಮೇಲೆ ಎರಡನೇ ಮಾನಿಟರು ಬೇಕೇ ಬೇಕು ಅನಿಸಿತು.

ಮೂಲೆಯಲ್ಲಿ 19 ಇಂಚಿನ ಹಳೆಯದೊಂದು ಇತ್ತು, ವಿಜಿಎ ಎಂಬ ಹಳೆ ಬಗೆಯ ಕಿಂಡಿ ಮಾತ್ರ ಇರುವಂಥದ್ದು. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು 22.04 ಎಂಬ ಲಿನಕ್ಸ್. ಎನ್‌ವಿಡಿಯಾ ಜಿಟಿ 710 ಗ್ರಾಫಿಕ್ಸ್ ಕಾರ್ಡೊಂದನ್ನು ಸೆಕೆಂಡ್‌ಹ್ಯಾಂಡ್ ತಂದು ಸ್ಲಾಟಿಗೆ ಕೂರಿಸಿದೆ. ದಿನವೂ ಕೆಲಸ ಮಾಡುವ ಹೊಸ ಮಾನಿಟರನ್ನು ಕಾರ್ಡಿನ ಎಚ್‌ಡಿಎಂಐಗೆ ಕೊಟ್ಟೆ. ಹಳೆಯದರ ವಯರು ಮದರ್‌ಬೋರ್ಡಿನ ವಿಜಿಎಯಲ್ಲಿ ಮೊದಲೇ ಇತ್ತಲ್ಲ, ಅದನ್ನು ಮುಟ್ಟಲಿಲ್ಲ. ಆನ್ ಮಾಡಿದರೆ ಹೊಸದು ಬೆಳಗಿತು, ಹಳೆಯದರಲ್ಲಿ 'ನೋ ಸಿಗ್ನಲ್'.

ಇದು ಡ್ರೈವರಿನದ್ದೇ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದ್ದೇ ಕಾಟ ಅಂತ ನನ್ನ ತಲೆಗೆ ಹೊಕ್ಕಿತು. ಉಬುಂಟು ತಾನಾಗಿ ಬಳಸುತ್ತಿದ್ದದ್ದು ನೂವೋ ಎಂಬ ಮುಕ್ತ ಡ್ರೈವರು. ಅದನ್ನು ಬಿಟ್ಟು ಕಂಪನಿಯ ಡ್ರೈವರ್ ಹಾಕಲು ಹೊರಟೆ. ಈ ಕಾರ್ಡು ಕೆಪ್ಲರ್ ಎಂಬ ಹಳೆ ತಲೆಮಾರಿನದ್ದು, ಅದಕ್ಕೆ ಹೊಂದುವ ಡ್ರೈವರುಗಳಲ್ಲಿ 470ನೇ ಸರಣಿಯೇ ಕೊನೆ. ಹಾಕುವಾಗ ಸೆಕ್ಯೂರ್ ಬೂಟಿಗೆ (ಗುರುತಿಲ್ಲದ ಡ್ರೈವರನ್ನು ಏಳಲು ಬಿಡದ ಕಾವಲು ಅದು) ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬಂತು. ಅಲ್ಲಿ ಡ್ರೈವರಿನ ಗುರುತಿನ ಕೀಲಿ ನೋಂದಾಯಿಸುವ ಆಯ್ಕೆ ಹಿಡಿದು ಅದೇ ಪಾಸ್‌ವರ್ಡ್ ಕೊಡಬೇಕಿತ್ತು. ನಾನು ಅವಸರದಲ್ಲಿ ಸುಮ್ನೆ ಎಂಟರ್ ಒತ್ತಿ ಮುಂದೆ ಹೋದೆ. ಕೀಲಿ ನೋಂದಣಿಯಾಗದ ಕಾರಣ ಹೊಸ ಡ್ರೈವರು ಏಳಲಿಲ್ಲ. ನೂವೋವನ್ನು ಅದು ಮೊದಲೇ ತಡೆಹಿಡಿದಿತ್ತು. ಹಾಗಾಗಿ ಸರಿ ಇದ್ದ ಪರದೆಯೂ 1024x768ಕ್ಕೆ ಇಳಿದು ಅಕ್ಷರ ಎಲ್ಲ ಊದಿಕೊಂಡವು. ಎರಡು ದಿನ ಇದರಲ್ಲೇ ಹೋಯಿತು.

ಕೊನೆಗೆ ಅಕ್ಕನ ಮಗ ಬಂದ. ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು. ಕೇರಳದ ಶಾಲೆಗಳ ಲ್ಯಾಬಿನಲ್ಲಿ ಇರುವುದು ಉಬುಂಟು ಆಧಾರದ ಕೈಟ್ ಲಿನಕ್ಸ್, ಹಾಗಾಗಿ ಅವನಿಗೆ ಇದರ ಹೆದರಿಕೆ ಇಲ್ಲ. ಅವನು ಪರದೆ ನೋಡಲೇ ಇಲ್ಲ, ಸೀದಾ ಡಬ್ಬದ ಹಿಂದೆ ಬಗ್ಗಿದ.

"ಎಂತ ಮಾವ, ಇದು ಬೋರ್ಡಿಗೆ ಕೊಟ್ಟದ್ದಲ್ವಾ? ಕಾರ್ಡು ಹಾಕಿದ ಮೇಲೆ ಇದು ಬಂದ್."

ಹೌದು. ಕಾರ್ಡು ಕೂತ ಕೂಡಲೇ ಒಳಗಿನ ಇಂಟೆಲ್ ಗ್ರಾಫಿಕ್ಸನ್ನು ಮಲಗಿಸಿ ಬಿಡುವುದು ಎಷ್ಟೋ ಬೋರ್ಡುಗಳ ಅಭ್ಯಾಸ. ಬಯೋಸಿನಲ್ಲಿ, ಅಂದರೆ ಬೋರ್ಡಿನ ಸ್ವಂತ ಸೆಟ್ಟಿಂಗಿನಲ್ಲಿ, ಮಲ್ಟಿ ಮಾನಿಟರ್ ಅಂತ ಒಂದು ಆಯ್ಕೆ ಇದ್ದರೆ ಎಬ್ಬಿಸಬಹುದು. ನನ್ನದರಲ್ಲಿ ಇತ್ತು. ಆದರೆ ಎರಡು ಗ್ರಾಫಿಕ್ಸು, ಎರಡು ಡ್ರೈವರು ಸಾಕುವ ತಾಪತ್ರಯ ನನಗೆ ಬೇಡವಾಯಿತು. ವಿಜಿಎ ವಯರನ್ನೂ ಕಾರ್ಡಿಗೇ ಕೊಟ್ಟೆ. 470 ತೆಗೆದು ನೂವೋಗೇ ಮರಳಿದೆ. ಪುಟ ಜೋಡಿಸುವ ಕೆಲಸಕ್ಕೆ ಅದು ಧಾರಾಳ ಸಾಕು.

ಹಳೆ ಮಾನಿಟರಿಗೆ ಬೆಳಕು ಬಂತು. ಅದರ ಸಹಜ ಅಳತೆ 1440x900, ಪಟ್ಟಿಯಲ್ಲಿ ಮಾತ್ರ 1024x768ಕ್ಕಿಂತ ಮೇಲಿನದ್ದು ಇಲ್ಲ. ಎಕ್ಸ್‌ರ‍್ಯಾಂಡರ್ ಎಂಬ ಆಜ್ಞೆ ಓಡಿಸಿ ಪಟ್ಟಿಗೆ ಅಳತೆ ಸೇರಿಸೋಣ ಅಂದರೆ ಪರದೆಯ ಹೆಸರೇ ಎಕ್ಸ್‌ವೇಲ್ಯಾಂಡ್ ಅಂತ ತೋರಿಸಿತು. ಅಂದರೆ ಓಡುತ್ತಿದ್ದದ್ದು ವೇಲ್ಯಾಂಡ್, ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆ. ಅದರಲ್ಲಿ ಆ ಉಪಾಯ ನಡೆಯುವುದಿಲ್ಲ. ಲಾಗಿನ್ ಪುಟದ ಹಲ್ಲುಚಕ್ರ ಒತ್ತಿ ಎಕ್ಸ್‌ಆರ್ಗ್ ಎಂಬ ಹಳೆಯ ವ್ಯವಸ್ಥೆ ಆರಿಸಿ ಒಳಗೆ ಬಂದೆ. ಸಿವಿಟಿ ಎಂಬ ಆಜ್ಞೆಗೆ 1440 900 ಅಂತ ಕೊಟ್ಟರೆ 106.50ರಿಂದ ಶುರುವಾಗುವ ಒಂದು ಸಾಲು ಸಿಗುತ್ತದೆ. ಅದನ್ನು ಹೊಸ ಮೋಡ್ ಆಗಿ ಸೇರಿಸಿ, ವಿಜಿಎಗೆ ಜೋಡಿಸಿದೆ. ಅಕ್ಷರ ಸೂಜಿಮೊನೆಯಷ್ಟು ಚೂಪಾಯಿತು. ಮಾರನೇ ದಿನ ಆನ್ ಮಾಡಿದರೆ ಪುನಃ ಮೊದಲಿನ ಹಾಗೆಯೇ. ರೀಸ್ಟಾರ್ಟ್ ಆದರೆ ಆ ಮೋಡ್ ಉಳಿಯುವುದಿಲ್ಲ.

ಮಾನಿಟರು ತನ್ನ ಅಳತೆಯನ್ನು ತಾನೇ ಯಾಕೆ ಹೇಳುತ್ತಿಲ್ಲ? ಪ್ರತಿ ಮಾನಿಟರಿನಲ್ಲೂ ಇಡಿಐಡಿ ಅಂತ ಕನಿಷ್ಠ 128 ಬೈಟಿನ, ತನ್ನ ಅಳತೆ ಹೇಳುವ ಒಂದು ಜಾತಕ ಇರುತ್ತದೆ. ಲಿನಕ್ಸಿನ ಸಿಸ್ ಡೈರೆಕ್ಟರಿಯಲ್ಲಿ, ಡಿಆರ್‌ಎಂ ಒಳಗೆ, ವಿಜಿಎ ಹೆಸರಿನ ಕೆಳಗೆ ಅದರ ಕಡತ ಸಿಗುತ್ತದೆ. ನನ್ನದು ಪೂರ್ತಿ ಖಾಲಿ. ಈ ಜಾತಕ ವಿಜಿಎ ವಯರಿನ 12 ಮತ್ತು 15ನೇ ಪಿನ್ನುಗಳಲ್ಲಿ ಹರಿದು ಬರುವುದು. ವಯರು ಬಿಚ್ಚಿ ಟಾರ್ಚ್ ಹಿಡಿದೆ. ಐದೈದರ ಮೂರು ಸಾಲು. 9ನೆಯದು ಇರಲಿಲ್ಲ. ಅದು ಎಷ್ಟೋ ವಯರುಗಳಲ್ಲಿ ಇರುವುದೇ ಇಲ್ಲ, ಚಿಂತೆಯಿಲ್ಲ. ಆದರೆ ಕೆಳಸಾಲಿನ ಎರಡನೆಯದು, ಅಂದರೆ 12, ಬುಡಕ್ಕೆ ಮುರಿದಿತ್ತು. ಯಾವಾಗಲೋ ನಾನೇ ಓರೆಯಾಗಿ ತುರುಕಿದ್ದಿರಬೇಕು.

ಬೇರೆ ವಯರು ಹಾಕಿದ್ದೇ ತಡ, 1440x900 ತಾನಾಗಿ ಬಂತು, ವೇಲ್ಯಾಂಡಿನಲ್ಲೂ ಬಂತು. ಒಂದು ಆಜ್ಞೆಯೂ ಬೇಕಾಗಲಿಲ್ಲ.

ಉಳಿದದ್ದು ಒಂದೇ ಕಿರಿಕಿರಿ. ಲಾಗಿನ್ ಪುಟ ಹಳೆ ಮಾನಿಟರಿನಲ್ಲೇ ಕಾಣಿಸುತ್ತಿತ್ತು. ನನ್ನ ಕಾನ್ಫಿಗ್ ಫೋಲ್ಡರಿನ ಮಾನಿಟರ್ಸ್ ಎಂಬ ಎಕ್ಸ್‌ಎಂಎಲ್ ಕಡತವನ್ನು ಲಾಗಿನ್ ಪುಟ ತೋರಿಸುವ ಜಿಡಿಎಂನ ಕಾನ್ಫಿಗ್ ಫೋಲ್ಡರಿಗೂ ನಕಲು ಮಾಡಿದ ಮೇಲೆ ಅದೂ ಹೊಸದಕ್ಕೆ ಬಂತು. ಈಗ ಎಡಗಡೆ ಕನ್ನಡ, ಬಲಗಡೆ ಮಲಯಾಳ. ಮುರಿದ ವಯರಿಗೆ '12 ಇಲ್ಲ' ಅಂತ ಚೀಟಿ ಅಂಟಿಸಿ ಮೇಜಿನ ಪಕ್ಕ ನೇತುಹಾಕಿದ್ದೇನೆ. ಅಳಿಯ ಬಂದಾಗೆಲ್ಲ ಅದನ್ನು ಓದಿ ನಗುತ್ತಾನೆ.