ಕೊಲೆಸ್ಟ್ರಾಲ್ ಇಳಿಸುವಾಗ ಮೂಳೆಯನ್ನು ಮರೆಯಬೇಡಿ

ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂದ ಕೂಡಲೇ ನಮಗೆ ಹೃದಯದ ಚಿಂತೆ. ಮೂಳೆ ಯಾರಿಗೂ ನೆನಪಾಗುವುದಿಲ್ಲ. ಆದರೆ ಇವೆರಡಕ್ಕೂ ನಂಟಿದೆ. ಮೂಳೆಯ ಮಜ್ಜೆಯಲ್ಲಿರುವ ಒಂದು ಬಗೆಯ ಕಾಂಡಕೋಶ (ಸ್ಟೆಮ್ ಸೆಲ್) ಮೂಳೆ ಕಟ್ಟುವ ಕೋಶವೂ ಆಗಬಲ್ಲದು, ಕೊಬ್ಬಿನ ಕೋಶವೂ ಆಗಬಲ್ಲದು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಆಕ್ಸಿಡೀಕರಣಗೊಂಡಾಗ, ಅಂದರೆ ಆಮ್ಲಜನಕದಿಂದಾಗಿ ಮಾರ್ಪಟ್ಟಾಗ, ಆ ಕೋಶಗಳು ಕೊಬ್ಬಿನ ಕಡೆ ವಾಲುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಹಾಗಂತ ಕೊಲೆಸ್ಟ್ರಾಲ್ ಜಾಸ್ತಿ ಇದ್ದವರ ಮೂಳೆಯೆಲ್ಲ ಸವೆದಿದೆ ಎಂದಲ್ಲ.

ಮೊದಲು ಕೊಲೆಸ್ಟ್ರಾಲ್ ರಿಪೋರ್ಟ್, ಮೂಳೆಯ ರಿಪೋರ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಹರೆಯದವರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 1ಕ್ಕಿಂತ ಕೆಳಗಿದ್ದರೆ ಮೂಳೆ ತೆಳುವಾಗುತ್ತಿದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. 65 ದಾಟಿದ ಹೆಂಗಸರು ಈ ಸ್ಕ್ಯಾನ್ ಮಾಡಿಸಲೇಬೇಕು. ಮುಟ್ಟು ನಿಂತವರು ಅದಕ್ಕೂ ಮೊದಲೇ ವೈದ್ಯರನ್ನು ಕೇಳಿ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇಳಿದಾಗ ಎಲ್‌ಡಿಎಲ್ ಏರುತ್ತದೆ, ಮೂಳೆ ಸವೆಯುತ್ತದೆ, ಎರಡೂ ಒಟ್ಟಿಗೇ.

ಮನೆಯಲ್ಲೇ ಇನ್ನೊಂದು ಪರೀಕ್ಷೆ ಮಾಡಬಹುದು. ಚಪ್ಪಲಿ ಬಿಟ್ಟು, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತು ಎತ್ತರ ಅಳೆಸಿ. ಹರೆಯದಲ್ಲಿ ಇದ್ದದ್ದಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ಸುಮ್ನೆ ವಯಸ್ಸಾಯಿತು ಅಂದುಕೊಳ್ಳಬೇಡಿ. ಬೆನ್ನುಮೂಳೆ ಗೊತ್ತೇ ಆಗದಂತೆ ಕುಸಿದಿರಬಹುದು.

ಕೊಬ್ಬಿಗೆ ಹೆದರಿ ಹಾಲು ಬಿಟ್ಟುಬಿಡುವುದು ನನಗೆ ತುಂಬ ಬೇಸರ ತರಿಸುವ ತಪ್ಪು. ಕೆನೆ ತೆಗೆದರೆ ಹೋಗುವುದು ಕೊಬ್ಬು, ಕ್ಯಾಲ್ಸಿಯಂ ಅಲ್ಲ. 50 ದಾಟಿದ ಹೆಂಗಸರಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಪಥ್ಯ ಮಾಡಿ ಗಡಿಬಿಡಿಯಲ್ಲಿ ತೂಕ ಇಳಿಸಲೂ ಹೋಗಬೇಡಿ, ಮೂಳೆಯೂ ಕರಗುತ್ತದೆ.

ವ್ಯಾಯಾಮದಲ್ಲೂ ಒಂದು ಸೂಕ್ಷ್ಮವಿದೆ. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯವು, ಆದರೆ ಮೂಳೆಯ ಮೇಲೆ ಅಷ್ಟಾಗಿ ಭಾರ ಬೀಳುವುದಿಲ್ಲ. ಭಾರ ಬಿದ್ದರೆ ತಾನೇ ಮೂಳೆ ಗಟ್ಟಿಯಾಗುವುದು? ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ, ಎರಡು ದಿನ ಭಾರ ಎತ್ತಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದರಿಂದಲೇ ಶುರುಮಾಡಬಹುದು. ಈಗಾಗಲೇ ಮೂಳೆ ಮುರಿದಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಮುಂದೆ ಬಗ್ಗಿ ಭಾರ ಎತ್ತಬೇಡಿ. ಬೀಡಿ ಸಿಗರೇಟು ಹೃದಯಕ್ಕೂ ಮೂಳೆಗೂ ವಿಷ.

ಕೊನೆಗೆ ಮಾತ್ರೆಯ ಮಾತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಮೂಳೆಗೆ ಕೊಡುವ ಅಲೆಂಡ್ರೊನೇಟ್, ಎರಡೂ ಕೋಶದೊಳಗಿನ ಒಂದೇ ರಾಸಾಯನಿಕ ದಾರಿಯನ್ನು ಬೇರೆ ಬೇರೆ ಕಡೆ ತಡೆಯುತ್ತವೆ. ಹಾಗಾಗಿ ಸ್ಟ್ಯಾಟಿನ್ ಮೂಳೆಯನ್ನೂ ಕಾಯುತ್ತದೆ ಎಂಬ ಆಸೆ ಹುಟ್ಟಿತ್ತು. ಆದರೆ ದೊಡ್ಡ ಪ್ರಯೋಗಗಳಲ್ಲಿ ಮೂಳೆ ಮುರಿತ ಕಡಿಮೆಯಾಗಲಿಲ್ಲ. ಸ್ಟ್ಯಾಟಿನ್ ನುಂಗುತ್ತಿದ್ದೇನಲ್ಲ ಎಂದು ಮೂಳೆಯ ಮಾತ್ರೆ ಬಿಡಬೇಡಿ.